ಪದಚರ್ಚೆ: ಚಿತ್ರ ಬರೆಯುವ ರೋಬಾಟಿನ ಕೈಪಿಡಿಗೆ ‘ಹಾಕು’, ‘ಏರಿಸು’, ‘ಕೂರಿಸು’, ‘ಒಂದೆಳೆ’

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಪೆನ್ನು ಹಿಡಿದು ಕಾಗದದ ಮೇಲೆ ಚಿತ್ರ ಬರೆಯುವ ಪುಟ್ಟ ರೋಬಾಟು ಇರುತ್ತದಲ್ಲ, ಅದನ್ನು ನಡೆಸುವ ಸಾಫ್ಟ್‌ವೇರನ್ನು ಕಂಪ್ಯೂಟರಿಗೆ ಹಾಕಿಕೊಂಡು ಮೊದಲ ಗೆರೆ ಎಳೆಸುವವರೆಗಿನ ಕೆಲಸ ಅದರಲ್ಲಿ ಬರಬೇಕು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಯಾರನ್ನೂ ಕೇಳದೆ ಓದಿಕೊಂಡು ಮಾಡಿ ಮುಗಿಸುವ ಹಾಗಿರಬೇಕು ಅನ್ನುವುದು ಆಸೆ. ಕೆಲವು ಪದಗಳ ವಿಷಯದಲ್ಲಿ ನಿಮ್ಮ ಸಹಾಯ ಬೇಕಾಗಿದೆ.

ಯಂತ್ರ ಹೇಗಿದೆ ಅಂತ ಗೊತ್ತಿಲ್ಲದೆ ಪದ ಹೇಳುವುದು ಕಷ್ಟ. ಹಾಗಾಗಿ ಮೊದಲು ಸ್ವಲ್ಪ ವಿವರ. ಒಂದು ಆರ್ಡುಯಿನೊ ಊನೊ ಬೋರ್ಡು, ಅಂದರೆ ನಾವು ಕೊಟ್ಟ ಪ್ರೋಗ್ರಾಮನ್ನು ನಡೆಸುವ ಪುಟ್ಟ ಕಂಪ್ಯೂಟರಿನಂಥದ್ದು. ಅದರ ತಲೆಯ ಮೇಲೆ ಸಿಎನ್‌ಸಿ ಶೀಲ್ಡ್ ಅನ್ನುವ, ಮೋಟರುಗಳನ್ನು ಜೋಡಿಸುವ ಇನ್ನೊಂದು ಬೋರ್ಡು. ಹೆಜ್ಜೆ ಹೆಜ್ಜೆಯಾಗಿ ತಿರುಗುವ ಎರಡು ಸ್ಟೆಪ್ಪರ್ ಮೋಟರ್, ಹಲ್ಲಿರುವ ಬೆಲ್ಟು, ಪೆನ್ನು ಎತ್ತಿ ಇಳಿಸುವುದಕ್ಕೆ ಒಂದು ಸಣ್ಣ ಸರ್ವೊ ಮೋಟರ್. ಚಿತ್ರ ತಯಾರಾಗುವುದು ಕಂಪ್ಯೂಟರಿನಲ್ಲಿ, ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ಪ್ರೋಗ್ರಾಮಿನಲ್ಲಿ. ಅದು ಜಿ-ಕೋಡ್ ಆಗಿ ಬದಲಾಗುತ್ತದೆ. ‘ಪೆನ್ನು ಎತ್ತು, ಇಲ್ಲಿಗೆ ಹೋಗು, ಪೆನ್ನು ಇಳಿಸು, ಅಲ್ಲಿಯವರೆಗೆ ಗೆರೆ ಎಳೆ’ ಅನ್ನುವಂಥ ಅಪ್ಪಣೆಗಳ ಸಾಲು ಅದು. ಇನ್ನೊಂದು ಪ್ರೋಗ್ರಾಂ ಆ ಸಾಲುಗಳನ್ನು ಯುಎಸ್‌ಬಿ ಕೇಬಲ್ ಮೂಲಕ ಒಂದೊಂದಾಗಿ ಬೋರ್ಡಿಗೆ ಕಳಿಸುತ್ತದೆ. ಬೋರ್ಡಿನೊಳಗೆ ಜಿಆರ್‌ಬಿಎಲ್ ಅನ್ನುವ ಫರ್ಮ್‌ವೇರ್, ಅಂದರೆ ಬೋರ್ಡಿನಲ್ಲೇ ಉಳಿದು ಅದನ್ನು ನಡೆಸುವ ಪ್ರೋಗ್ರಾಂ, ಕೂತಿರುತ್ತದೆ. 2009ರಲ್ಲಿ ಶುರುವಾದ ಮುಕ್ತ ತಂತ್ರಾಂಶ ಇದು. ಬಂದ ಸಾಲನ್ನು ಓದಿ ಮೋಟರುಗಳನ್ನು ತಿರುಗಿಸುವುದು ಅದರ ಕೆಲಸ. ಸರ್ವೊ ಬಳಸುವವರು ಅದರ ತಿದ್ದಿದ ಆವೃತ್ತಿಯನ್ನು ತೆಗೆದುಕೊಳ್ಳಬೇಕು, ಮೂಲದ್ದರಲ್ಲಿ ಸರ್ವೊಗೆ ಜಾಗವಿಲ್ಲ.

ಈಗ ಮೊದಲ ಪ್ರಶ್ನೆ, ಇನ್‌ಸ್ಟಾಲ್ ಮಾಡುವುದರ ಬಗ್ಗೆ.

ಲಿನಕ್ಸ್‌ನ ಕನ್ನಡ ಅನುವಾದಗಳಲ್ಲಿ ‘ಅನುಸ್ಥಾಪಿಸು’ ಇದೆ. ಕೆಲವೆಡೆ ‘ಸ್ಥಾಪಿಸು’ ಅಂತಲೂ ನೋಡಿದ್ದೇವೆ. ಇವೆರಡೂ ನನಗೆ ಒಗ್ಗುವುದಿಲ್ಲ. ಸ್ಥಾಪನೆ ಅಂದರೆ ಸಂಘ, ಶಾಲೆ, ವಿಗ್ರಹ ಇಂಥವು ನೆನಪಾಗುತ್ತವೆ. ಒಂದು ಕಡೆ ನೆಲೆಯಾಗಿ ನಿಲ್ಲಿಸಿದ್ದನ್ನು ಯಾರೂ ಮಾರನೇ ದಿನ ಕೀಳುವುದಿಲ್ಲ. ಜನರ ಬಾಯಲ್ಲಿ ಇರುವುದು ‘ಹಾಕು’. ‘ವಿಂಡೋಸ್ ಹಾಕಿಸಿದೆ’, ‘ಆ ಆ್ಯಪ್ ಹಾಕ್ಕೋ’, ‘ಕಂಪ್ಯೂಟರಿಗೆ ನುಡಿ ಹಾಕಿಕೊಡಿ’. ಇದಕ್ಕಿಂತ ಸಲೀಸಾದ ಮಾತು ಎಲ್ಲಿದೆ? ‘ಹಾಕಿಕೊಳ್ಳು’ ಅಂದಾಗ ನಮಗೋಸ್ಕರ ನಾವೇ ಮಾಡಿಕೊಂಡದ್ದು ಅನ್ನುವ ಅರ್ಥವೂ ಬಂತು, ‘ಹಾಕಿಸು’ ಅಂದಾಗ ಅಂಗಡಿಯವನ ಕೈಯಲ್ಲಿ ಮಾಡಿಸಿದ್ದು ಅನ್ನುವುದೂ ಬಂತು.

ಆದರೆ ‘ಹಾಕು’ವಿಗೆ ಒಂದು ತೊಡಕಿದೆ. ಈ ರೋಬಾಟಿಗೆ ಹಾಕುವ ಕೆಲಸ ಮೂರು ಬೇರೆ ಬೇರೆ ಜಾಗದಲ್ಲಿ ನಡೆಯುತ್ತದೆ. ಇಂಕ್‌ಸ್ಕೇಪ್, ಬೋರ್ಡಿಗೆ ಫರ್ಮ್‌ವೇರ್ ಕಳಿಸಿಕೊಡುವ ಆರ್ಡುಯಿನೊ ಪ್ರೋಗ್ರಾಂ, ಜಿ-ಕೋಡ್ ಕಳಿಸುವ ಪ್ರೋಗ್ರಾಂ ಇವೆಲ್ಲ ಹೋಗುವುದು ಕಂಪ್ಯೂಟರಿಗೆ. ಫರ್ಮ್‌ವೇರ್ ಹೋಗುವುದು ಬೋರ್ಡಿಗೆ. ಕೆಲವು ಯಂತ್ರಗಳಿಗೆ ಬೇಕಾದ ಎಕ್ಸ್‌ಟೆನ್ಶನ್ (ಹೆಚ್ಚುವರಿ ಕೆಲಸ ಕಲಿಸುವ ತುಣುಕು) ಹೋಗುವುದು ಇಂಕ್‌ಸ್ಕೇಪಿನ ಒಳಗೆ. ಮೂರಕ್ಕೂ ‘ಹಾಕಿ’ ಅಂತ ಬರೆದರೆ ಎಲ್ಲಿಗೆ ಹಾಕಬೇಕು ಅನ್ನುವುದೇ ತಿಳಿಯುವುದಿಲ್ಲ.

ಜಿಆರ್‌ಬಿಎಲ್ ವಿಷಯದಲ್ಲಿ ಈ ಗೊಂದಲ ಇನ್ನೂ ಜಾಸ್ತಿ. ಅದು ಒಂದು ಜಿಪ್ ಫೈಲಾಗಿ ಬರುತ್ತದೆ. ಅದನ್ನು ಮೊದಲು ಆರ್ಡುಯಿನೊ ಪ್ರೋಗ್ರಾಮಿಗೆ ಒಂದು ಲೈಬ್ರರಿಯಾಗಿ, ಅಂದರೆ ಅದು ಬಳಸಿಕೊಳ್ಳಬಹುದಾದ ಕೋಡಿನ ಕಟ್ಟಾಗಿ, ಕೊಡಬೇಕು. ಆಮೇಲೆ ಉದಾಹರಣೆಗಳ ಪಟ್ಟಿಯಲ್ಲಿ ‘ಜಿಆರ್‌ಬಿಎಲ್ ಅಪ್‌ಲೋಡ್’ ಅನ್ನುವುದನ್ನು ಹುಡುಕಿ ತೆರೆಯಬೇಕು. ಬೋರ್ಡು ಯಾವುದು, ಅದು ಕಂಪ್ಯೂಟರಿಗೆ ಸೇರಿರುವ ಪೋರ್ಟು ಯಾವುದು ಅಂತ ಆರಿಸಿ ಬಾಣದ ಗುರುತು ಒತ್ತಬೇಕು. ಆಗಷ್ಟೇ ಅದು ಬೋರ್ಡಿನೊಳಗೆ ಹೋಗುವುದು. ‘ಜಿಆರ್‌ಬಿಎಲ್ ಹಾಕಿ’ ಅಂತ ಓದಿದ ಹುಡುಗ ಲೈಬ್ರರಿ ಸೇರಿಸಿದ ಕೂಡಲೇ ಮುಗಿಯಿತು ಅಂದುಕೊಳ್ಳುತ್ತಾನೆ. ಮೋಟರು ಮಾತ್ರ ಅಲ್ಲಾಡುವುದಿಲ್ಲ.

ಇದಕ್ಕೆ ಹೊಸ ನಾಮಪದ ಕಟ್ಟುವುದಕ್ಕಿಂತ ಇರುವ ಕ್ರಿಯಾಪದಗಳನ್ನೇ ಹಂಚಿಕೊಳ್ಳುವುದು ಒಳ್ಳೆಯದು ಅಂತ ನನ್ನ ಅನಿಸಿಕೆ. ಕಂಪ್ಯೂಟರಿಗೆ ‘ಹಾಕಿಕೊಳ್ಳಿ’. ಇಂಕ್‌ಸ್ಕೇಪಿಗೆ, ಆರ್ಡುಯಿನೊ ಪ್ರೋಗ್ರಾಮಿಗೆ ‘ಸೇರಿಸಿ’. ಬೋರ್ಡಿಗೆ ‘ಏರಿಸಿ’. ಹೀಗೆ ಕೈಪಿಡಿಯ ಉದ್ದಕ್ಕೂ ಕಟ್ಟುನಿಟ್ಟಾಗಿ ಬಳಸಿದರೆ ಕ್ರಿಯಾಪದ ನೋಡಿದ ಕೂಡಲೇ ಜಾಗ ತಿಳಿಯುತ್ತದೆ. ‘ಏರಿಸು’ ಬದಲು ‘ತುಂಬು’ ಹೇಗೆ ಅಂತಲೂ ಯೋಚಿಸಿದೆ. ಬೋರ್ಡಿನಲ್ಲಿ ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ಇರುತ್ತದೆ, ಹೊಸದು ಬಂದರೆ ಹಳೆಯದು ಹೋಯಿತು. ‘ತುಂಬು’ ಅಂದರೆ ಇದ್ದದ್ದರ ಮೇಲೆ ಇನ್ನಷ್ಟು ಸುರಿದ ಹಾಗೆ ಕೇಳುತ್ತದೆ. ಅದೂ ಅಲ್ಲದೆ ಇದು ಪೆನ್ನಿನ ಯಂತ್ರ. ‘ತುಂಬಿ’ ಅಂದರೆ ಇಂಕು ತುಂಬುವುದು ನೆನಪಾದರೆ ಆಶ್ಚರ್ಯವಿಲ್ಲ. ‘ಏರಿಸು’ವಿಗೆ ಇರುವ ಅಡ್ಡಿ ಒಂದೇ. ಫೋಟೊ, ವಿಡಿಯೊಗಳನ್ನು ಜಾಲಕ್ಕೆ ಏರಿಸುವುದು ಅಂತಲೂ ಬರೆಯುತ್ತಾರೆ. ನಿಮಗೆ ಏನನಿಸುತ್ತದೆ?

ಇದರ ಬಾಲದಲ್ಲೇ ಇನ್ನೊಂದು. ಹಾಕಿದ್ದನ್ನು ‘ತೆಗೆಯುವುದು’ ಸಹಜ. ಆದರೆ ‘ಬಾಗಿಲು ತೆಗೆ’ ಅಂದ ಹಾಗೆಯೇ ‘ಫೈಲು ತೆಗೆ’ ಅಂದರೆ ಫೈಲು ತೆರೆ ಅಂತಲೂ ಅರ್ಥ. ಹಾಗಾಗಿ ಅನ್‌ಇನ್‌ಸ್ಟಾಲ್‌ಗೆ ‘ತೆಗೆದುಹಾಕು’ ಅಂತ ಬರೆದಿದ್ದೇನೆ. ಹಾಕುವುದಕ್ಕೂ ‘ಹಾಕು’, ತೆಗೆಯುವುದರ ಕೊನೆಗೂ ‘ಹಾಕು’. ಓದುವವರಿಗೆ ತೊಡಕಾಗಲಾರದು ಅಂತ ನಂಬಿದ್ದೇನೆ. ‘ಅಳಿಸಿಹಾಕು’, ‘ಕಿತ್ತುಹಾಕು’ ಇದ್ದೇ ಇವೆಯಲ್ಲ.

ಎರಡನೇ ಪ್ರಶ್ನೆ ‘ಡ್ರೈವರ್’. ಇದು ಬರೀ ಚಂದದ ಪ್ರಶ್ನೆ ಅಲ್ಲ, ಸಾಮಾನು ಸುಟ್ಟುಹೋಗುವ ಪ್ರಶ್ನೆ.

ಈ ಕೆಲಸದಲ್ಲಿ ಡ್ರೈವರ್ ಎರಡು. ಕಡಿಮೆ ಬೆಲೆಯ ಊನೊ ಬೋರ್ಡುಗಳಲ್ಲಿ ಯುಎಸ್‌ಬಿ ಮಾತನ್ನು ತಿಳಿಸಿಕೊಡುವುದಕ್ಕೆ ಸಿಎಚ್340 ಅನ್ನುವ ಚಿಪ್ ಇರುತ್ತದೆ. ಎಷ್ಟೋ ವಿಂಡೋಸ್ ಕಂಪ್ಯೂಟರುಗಳಿಗೆ ಆ ಚಿಪ್ಪಿನ ಗುರುತು ಸಿಗಬೇಕಾದರೆ ಅದರ ಡ್ರೈವರ್ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಪೋರ್ಟುಗಳ ಪಟ್ಟಿಯಲ್ಲಿ ಬೋರ್ಡು ಕಾಣಿಸುವುದೇ ಇಲ್ಲ. ಇನ್ನೊಂದು, ಮೋಟರಿಗೆ ಕರೆಂಟು ಕೊಟ್ಟು ತಿರುಗಿಸುವ ಎ4988 ಅನ್ನುವ ಚಿಕ್ಕ ಬೋರ್ಡು. ಶೀಲ್ಡಿನ ತೂತುಸಾಲಿನಲ್ಲಿ ಪ್ರತಿ ಸ್ಟೆಪ್ಪರ್ ಮೋಟರಿಗೆ ಒಂದರಂತೆ ಕೂರುತ್ತದೆ. ಅದರ ಹೆಸರೂ ಡ್ರೈವರ್. ಅದನ್ನು ತಿರುಗುಮುರುಗಾಗಿ ಕೂರಿಸಿ ಕರೆಂಟು ಕೊಟ್ಟರೆ ಸುಟ್ಟುಹೋಗುತ್ತದೆ. ಕರೆಂಟು ಇರುವಾಗಲೇ ಮೋಟರಿನ ವೈರು ಕಿತ್ತರೂ ಅದೇ ಗತಿ.

‘ಪೋರ್ಟು ಕಾಣದಿದ್ದರೆ ಡ್ರೈವರನ್ನು ಮತ್ತೊಮ್ಮೆ ತೆಗೆದು ಹಾಕಿ’ ಅನ್ನುವ ಒಂದು ಸಾಲನ್ನು ಊಹಿಸಿಕೊಳ್ಳಿ. ಕಂಪ್ಯೂಟರ್ ಬಲ್ಲವರಿಗೆ ಇದು ಸಲೀಸು. ಶೀಲ್ಡನ್ನು ಈಗಷ್ಟೇ ಕೈಯಾರೆ ಜೋಡಿಸಿದ ಮಗುವಿನ ಕೈ ನೇರವಾಗಿ ಎ4988ರ ಹತ್ತಿರ ಹೋಗುತ್ತದೆ, ಅಲ್ವಾ? ‘ಚಾಲಕ’ ಅಂತ ಕನ್ನಡ ಮಾಡಿದರೂ ಗೊಂದಲ ಹಾಗೇ ಉಳಿಯುತ್ತದೆ. ಎರಡೂ ಚಾಲಕವೇ.

ಇಲ್ಲಿಯೂ ಕ್ರಿಯಾಪದವೇ ಕೈ ಹಿಡಿಯುತ್ತದೆ ಅನಿಸುತ್ತದೆ. ಕೈಯಿಂದ ಮುಟ್ಟಿ ಜೋಡಿಸುವ ಸಾಮಾನಿಗೆ ನಮ್ಮಲ್ಲಿ ‘ಕೂರಿಸು’ ಅನ್ನುವ ಗಟ್ಟಿ ಮಾತಿದೆ. ಮೋಟರು ಕೂರಿಸುತ್ತೇವೆ, ಬಾಗಿಲ ಚೌಕಟ್ಟು ಕೂರಿಸುತ್ತೇವೆ. ಹಾಗಾಗಿ ‘ಮೋಟರ್ ಡ್ರೈವರ್ ಕೂರಿಸಿ’, ‘ಯುಎಸ್‌ಬಿ ಡ್ರೈವರ್ ಹಾಕಿಕೊಳ್ಳಿ’. ಹಿಂದೆ ಒಂದು ಗುರುತಿನ ಪದ, ಮುಂದೆ ಬೇರೆ ಬೇರೆ ಕ್ರಿಯಾಪದ. ಕೂರಿಸಿದ್ದನ್ನು ‘ಕೀಳಬೇಕು’, ಹಾಕಿಕೊಂಡದ್ದನ್ನು ‘ತೆಗೆದುಹಾಕಬೇಕು’. ಧಾರವಾಡ, ಕಲಬುರಗಿ ಕಡೆಯ ಗೆಳೆಯರು ‘ಕೂರಿಸು’ವಿನ ಬದಲು ‘ಕೂಡಿಸು’ ಅನ್ನುತ್ತಾರಾ, ‘ಕುಂದರಿಸು’ ಅನ್ನುತ್ತಾರಾ? ಇಂಥ ಚಿಪ್ಪು, ಬೋರ್ಡಿನ ಕೆಲಸಕ್ಕೂ ಅದೇ ಮಾತು ನಡೆಯುತ್ತದಾ? ತಿಳಿಸಿ.

ಸ್ಟೆಪ್ಪರ್ ಮೋಟರಿನ ಸ್ಟೆಪ್‌ಗೆ ‘ಹೆಜ್ಜೆ’ ಅಂತ ಬರೆದಿದ್ದೇನೆ, ಅದರಲ್ಲಿ ನನಗೆ ಅನುಮಾನವಿಲ್ಲ. ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಎ4988 ಒಂದೊಂದು ಹೆಜ್ಜೆಯನ್ನೂ 16 ಪಾಲು ಮಾಡಿದರೆ ಸುತ್ತಿಗೆ 3200. ಬೆಲ್ಟಿನ ಹಲ್ಲುಗಳ ನಡುವೆ 2 ಮಿಲಿಮೀಟರ್, ಪುಲ್ಲಿಯಲ್ಲಿ 20 ಹಲ್ಲು. ಅಂದರೆ ಒಂದು ಸುತ್ತಿಗೆ 40 ಮಿಲಿಮೀಟರ್, ಮಿಲಿಮೀಟರಿಗೆ 80 ಹೆಜ್ಜೆ. ಮಕ್ಕಳು ಕಾಗದದ ಮೇಲೆ ಈ ಲೆಕ್ಕ ಮಾಡಬಲ್ಲರು. ಜಿಆರ್‌ಬಿಎಲ್‌ನಲ್ಲಿ ಮೊದಲೇ ಬರೆದಿರುವುದು ಮಿಲಿಮೀಟರಿಗೆ 250 ಹೆಜ್ಜೆ. ಅದನ್ನು ಬದಲಿಸದೆ 100 ಮಿಲಿಮೀಟರಿನ ಚೌಕ ಬರೆಯಲು ಹೇಳಿದರೆ ಯಂತ್ರ 312 ಮಿಲಿಮೀಟರಿನಷ್ಟು ಎಳೆಯಲು ಹೋಗಿ ಚೌಕಟ್ಟಿಗೆ ಗುದ್ದುತ್ತದೆ. ಈ ಸರಿಪಡಿಸುವ ಕೆಲಸಕ್ಕೆ ‘ಅಳತೆ ಹೊಂದಿಸುವುದು’ ಸಾಕು ಅಂದುಕೊಂಡಿದ್ದೇನೆ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಮಕ್ಕಳು ಯಂತ್ರ ನಡೆದ ಕೂಡಲೇ ಮಾಡುವ ಮೊದಲ ಕೆಲಸ ಏನು ಹೇಳಿ? ತಮ್ಮ ಹೆಸರು ಬರೆಸುವುದು. ಅದೂ ಕನ್ನಡದಲ್ಲಿ.

ಇಂಕ್‌ಸ್ಕೇಪಿನಲ್ಲಿ ‘ಕಾವ್ಯ’ ಅಂತ ಟೈಪ್ ಮಾಡಿ, ಅದನ್ನು ಗೆರೆಗಳಾಗಿ ಬದಲಿಸಿ ಕಳಿಸಿದರೆ, ರೋಬಾಟು ಅಕ್ಷರದ ನಡುವೆ ಹೋಗುವುದಿಲ್ಲ. ಅಂಚಿನ ಸುತ್ತ ಹೋಗುತ್ತದೆ. ಫಾಂಟಿನಲ್ಲಿರುವ ಅಕ್ಷರಕ್ಕೆ ದಪ್ಪ ಇದೆ, ಆ ದಪ್ಪದ ಎರಡೂ ಕಡೆಯ ಅಂಚು ಮಾತ್ರ ಅದರಲ್ಲಿ ದಾಖಲಾಗಿರುತ್ತದೆ. ಹಾಗಾಗಿ ಕಾಗದದ ಮೇಲೆ ಟೊಳ್ಳಾದ, ಜೋಡಿ ಗೆರೆಯ ಹೆಸರು ಮೂಡುತ್ತದೆ. ನಾವು ಕೈಯಲ್ಲಿ ಬರೆಯುವ ಹಾಗೆ ಪೆನ್ನು ಒಂದೇ ಸಲ ಹಾದುಹೋಗಬೇಕಾದರೆ ಬೇರೆ ಬಗೆಯ ಫಾಂಟ್ ಬೇಕು. 1967ರಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿದ್ದ ಅಲೆನ್ ಹರ್ಶಿ ಬರೀ ಗೆರೆಗಳಿಂದಲೇ ಅಕ್ಷರಗಳನ್ನು ಮಾಡಿಟ್ಟರು. ಅವರ ಹೆಸರಿನ ಎಕ್ಸ್‌ಟೆನ್ಶನ್ ಇಂಕ್‌ಸ್ಕೇಪಿನ ಜೊತೆಗೇ ಬರುತ್ತದೆ. ಹರ್ಶಿ ಅಕ್ಷರಗಳಲ್ಲಿ ರೋಮನ್, ಗ್ರೀಕ್, ರಷ್ಯನ್, ಜಪಾನಿ ಲಿಪಿಗಳಿವೆ. ಕನ್ನಡ ಇಲ್ಲ. ಆ ಎಕ್ಸ್‌ಟೆನ್ಶನ್ ಒಂದು ಅಕ್ಷರಕ್ಕೆ ಒಂದು ಚಿತ್ರ ಅನ್ನುವ ಲೆಕ್ಕದಲ್ಲಿ ನಡೆಯುವುದರಿಂದ ಸುಮ್ನೆ ಚಿತ್ರ ಸೇರಿಸಿಬಿಟ್ಟರೂ ನಮ್ಮ ಒತ್ತಕ್ಷರ ತಾನಾಗಿ ಮೂಡುವುದಿಲ್ಲ. ‘ವ್ಯ’ ಬರಬೇಕಲ್ಲ. ಲೋಹದ ಮೊನೆಯಿಂದ ತಾಳೆಗರಿಯ ಮೇಲೆ ಒಂದೊಂದೇ ಗೆರೆಯಾಗಿ ಕೊರೆದು ಉಳಿಸಿಕೊಂಡು ಬಂದ ಲಿಪಿ ನಮ್ಮದು. ಪೆನ್ನಿನ ಯಂತ್ರಕ್ಕೆ ಇಷ್ಟು ಹೊಂದುವ ಲಿಪಿಗೇ ಅಂಥ ಫಾಂಟ್ ಅದರಲ್ಲಿ ಇಲ್ಲವಲ್ಲ ಅಂತ ನನಗೆ ನಿಜವಾಗಿ ಬೇಸರ.

ಸದ್ಯಕ್ಕೆ ಮಕ್ಕಳಿಗೆ ಹೇಳಿರುವ ದಾರಿ ಇದು. ಸ್ಕೆಚ್ ಪೆನ್ನಿನಲ್ಲಿ ಹೆಸರು ಬರೆದು ಫೋಟೊ ತೆಗೆಯಿರಿ. ಇಂಕ್‌ಸ್ಕೇಪ್ 1.0 ಮತ್ತು ಆಮೇಲಿನ ಆವೃತ್ತಿಗಳಲ್ಲಿ ಫೋಟೊದ ಗೆರೆಯ ನಡುವನ್ನು ಹುಡುಕಿಕೊಡುವ ಸೌಲಭ್ಯ ಇದೆ, ಅದನ್ನು ಬಳಸಿ. ಆಗ ಅವರ ಕೈಬರಹವನ್ನೇ ರೋಬಾಟು ಬರೆಯುತ್ತದೆ.

ಈ ಎರಡು ಬಗೆಯ ಅಕ್ಷರಗಳಿಗೆ ಹೆಸರು ಬೇಕು. ‘ಬಾಹ್ಯರೇಖೆ’, ‘ಏಕರೇಖಾ ಲಿಪಿ’ ಅಂತ ಬರೆಯಲು ಮನಸ್ಸಿಲ್ಲ. ರಂಗೋಲಿ ಹಾಕುವವರ ಮಾತು ನೋಡಿ. ಒಂದು ಗೆರೆಯಲ್ಲಿ ಹಾಕಿದರೆ ಒಂದೆಳೆ, ಜೋಡಿ ಗೆರೆಯಲ್ಲಿ ಹಾಕಿದರೆ ಎರಡೆಳೆ. ರೋಬಾಟು ಬರೆಯುವುದೂ ಹೀಗೇ ತಾನೆ? ‘ಒಂದೆಳೆ ಅಕ್ಷರ’, ‘ಎರಡೆಳೆ ಅಕ್ಷರ’ ಅಂದರೆ ವಿವರಣೆಯೇ ಬೇಡ. ಇದೇ ಜಾಡಿನಲ್ಲಿ, ಇಂಕ್‌ಸ್ಕೇಪಿನಲ್ಲಿ ಒಂದೊಂದು ಗೆರೆಗೂ ಇರುವ ‘ಪಾತ್’ ಅನ್ನುವ ಹೆಸರಿಗೆ ‘ಪಥ’ ಅನ್ನುವ ಬದಲು ‘ಎಳೆ’ ಅನ್ನಬಹುದಾ ಅಂತ ಯೋಚಿಸುತ್ತಿದ್ದೇನೆ. ‘ಈ ಚಿತ್ರದಲ್ಲಿ ನಲವತ್ತು ಎಳೆ ಇವೆ, ಒಂದೊಂದು ಎಳೆಗೂ ಪೆನ್ನು ಒಮ್ಮೆ ಎತ್ತಬೇಕು’ ಅಂದರೆ ನನ್ನ ಕಿವಿಗೆ ಚೆನ್ನಾಗಿದೆ. ಆದರೆ ‘ಎಳೆ ಎಳೆ’ ಅಂತ ನಾಮಪದ, ಕ್ರಿಯಾಪದ ಎರಡೂ ಅಕ್ಕಪಕ್ಕ ಬಂದಾಗ ಓದುವವರು ಎಡವಬಹುದು. ಅಲ್ಲಿ ‘ಗೆರೆ ಎಳೆ’ ಅನ್ನಬೇಕಾ?

ಪೆನ್ನು ಕಾಗದಕ್ಕೆ ತಾಗುವ ಅಪ್ಪಣೆಗೂ ಎರಡು ಪದ ಕೈಯಲ್ಲಿವೆ, ‘ಇಳಿಸು’ ಮತ್ತು ‘ಊರು’. ‘ಇಳಿಸು’ ಅಂದರೆ ಕೆಳಗೆ ಬಂತು ಅಷ್ಟೇ, ತಾಗಿತೋ ಇಲ್ಲವೋ ಗೊತ್ತಾಗುವುದಿಲ್ಲ. ಕೋಲೂರಿ ನಡೆಯುತ್ತಾರೆ, ಕಾಲೂರಿ ನಿಲ್ಲುತ್ತಾರೆ. ‘ಊರು’ವಿನಲ್ಲಿ ತಾಗಿ ನಿಂತದ್ದು ಇದೆ. ಸರ್ವೊ ಮೋಟರಿನ ಕೋನ ಹೊಂದಿಸುವಾಗ ಮಕ್ಕಳು ನೋಡಬೇಕಾದದ್ದೂ ಅದನ್ನೇ. ‘ಪೆನ್ನು ಎತ್ತಿ, ಪೆನ್ನು ಊರಿ’ ಅಂತ ಬರೆದರೆ ಈಗಿನ ಮಕ್ಕಳಿಗೆ ತಿಳಿಯುತ್ತದಾ? ಶಾಲೆಯಲ್ಲಿ ಪಾಠ ಮಾಡುವವರು ನಮ್ಮ ಈ ಬಳಗದಲ್ಲಿ ಹಲವರಿದ್ದೀರಿ. ನಿಮ್ಮ ಕ್ಲಾಸಿನಲ್ಲಿ ಒಮ್ಮೆ ಕೇಳಿ ನೋಡಿ ತಿಳಿಸಿದರೆ ಉಪಕಾರವಾಗುತ್ತದೆ. ಎರಡೆಳೆಗೆ ನಿಮ್ಮ ಕಡೆ ಬೇರೆ ಹೆಸರಿದ್ದರೆ ಅದನ್ನೂ ಬರೆಯಿರಿ.