‘ನೆರೆಗೆ ಜಾಗತಿಕ ತಾಪಮಾನವೇ ಕಾರಣ’: ಗೋಡೆ ಬರಹಕ್ಕೆ ಇದು ಸರಿಯೇ?

ರೋಣದಿಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದಲ್ಲಿದ್ದೇನೆ. ಹೊಳೆಆಲೂರು ಕಡೆಯ ಒಂದು ಊರಿನ ಗೋಡೆ ಮೇಲೆ, 2019ರ ಆಗಸ್ಟ್‌ನಲ್ಲಿ ಮಲಪ್ರಭೆ ನೀರು ನಿಂತ ಮಟ್ಟಕ್ಕೆ ಕೆಂಪು ಗೆರೆ ಎಳೆಸುತ್ತಿದ್ದೇವೆ. ಗೆರೆ ಕೆಳಗೆ ಎರಡು ಮೂರು ಸಾಲು ಬರೆಸಬೇಕು. ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾರೆ. ಇಂಗ್ಲಿಷ್‌ನಲ್ಲಿ ಕೊಟ್ಟಿದ್ದನ್ನು ನಾನು ಹೀಗೆ ಮಾಡಿದ್ದೇನೆ: ‘ಈ ನೆರೆಗೆ ಜಾಗತಿಕ ತಾಪಮಾನವೇ ಕಾರಣ. ಹವಾಮಾನ ವೈಪರೀತ್ಯ ತಡೆಯೋಣ.’ ನೆರೆ ಅನ್ನಲೋ, ಪ್ರವಾಹ ಅನ್ನಲೋ? ಊರವರು ‘ಹೊಳಿ ಬಂತು’ ಅಂತಾರೆ. ಇವತ್ತು ರಾತ್ರಿಯೊಳಗೆ ಹೇಳಿದರೆ ಉಪಕಾರ.

ಹುಬ್ಬಳ್ಳಿಯಿಂದ:

‘ಜಾಗತಿಕ ತಾಪಮಾನ’ ತಪ್ಪು. ತಾಪಮಾನ ಅಂದರೆ ಬಿಸಿ ಎಷ್ಟಿದೆ ಅನ್ನುವ ಅಳತೆ. ಅಳತೆಯಿಂದ ಹೊಳೆ ಉಕ್ಕುವುದಿಲ್ಲ. ‘ತಾಪಮಾನ ಏರಿಕೆ’ ಅನ್ನಿ. ಪತ್ರಿಕೆಗಳು ಏರಿಕೆಯನ್ನು ನುಂಗಿ ನುಂಗಿ ಈ ಗತಿ ಬಂದಿದೆ. ಇಲ್ಲಿ ಇದನ್ನು ಎಷ್ಟು ಸಲ ಹೇಳಬೇಕು?

ಧಾರವಾಡದಿಂದ:

ಏರಿಕೆ ಸೇರಿಸಿದರೂ ಅದು ಅರ್ಧ ಕನ್ನಡವೇ. ‘ಬಿಸಿಯೇರಿಕೆ’ ಅನ್ನಿ, ಮುಗಿಯಿತು. ‘ಹವಾಮಾನ’ವಂತೂ ಬೇಡವೇ ಬೇಡ. ಹವಾ ಅರಬ್ಬಿಯಿಂದ ಪಾರಸಿ ದಾಟಿ ಬಂದಿದ್ದು, ಮಾನ ಸಂಸ್ಕೃತದ್ದು. ಎರಡನ್ನೂ ಗಂಟು ಹಾಕಿ ನಮ್ಮ ತಲೆ ಮೇಲೆ ಹೊರಿಸಿದ್ದಾರೆ. ನೆರೆ ಮಾತ್ರ ಚಿನ್ನದಂಥ ಪದ. ಜನ ನೆರೆದರು, ಮೈನೆರೆದಳು ಅನ್ನುತ್ತೇವಲ್ಲ, ತುಂಬುವುದು, ಕೂಡುವುದು ಅನ್ನುವ ಆ ನೆರೆಯೇ ಇದು. ಹಳ್ಳ ಹಳ್ಳದ ನೀರೆಲ್ಲ ಒಂದೇ ಕಡೆ ನೆರೆಯುವುದು. ‘ಪ್ರವಾಹ’ದಲ್ಲಿ ಬರೀ ಹರಿಯುವುದಿದೆ, ತುಂಬುವುದಿಲ್ಲ. ಬೇರೆ ಚರ್ಚೆಯೇ ಬೇಡ.

ಗದಗದಿಂದ:

ನೆರೆ ಇರಲಿ. ಅದರಲ್ಲಿ ಧಾರವಾಡದ ಸರ್ ಜೊತೆ ನನಗೆ ಜಗಳವಿಲ್ಲ. ಆದರೆ ನೀವಿಬ್ಬರೂ ತಾಪಮಾನವನ್ನು ಹಿಡಿದುಕೊಂಡು ‘ಏ’ಕಾರವನ್ನು ಬಿಟ್ಟುಬಿಟ್ಟಿರಿ. ಈ ಸಾಲಿನಲ್ಲಿ ದೊಡ್ಡ ತಪ್ಪು ಇರುವುದು ಅಲ್ಲಿ. ‘ತಾಪಮಾನವೇ ಕಾರಣ’ ಅಂದರೆ ಬೇರೆ ಯಾವುದೂ ಕಾರಣವಲ್ಲ ಅಂತ ಓದುವವರು ತಿಳಿಯುತ್ತಾರೆ. ಆ ಗೋಡೆ ಮುಂದೆ ನಿಂತು ಓದುವವರು ನೀರನ್ನು ಕಣ್ಣಾರೆ ಕಂಡವರು. ಅವರಿಗೆ ಇಷ್ಟನ್ನೇ ಹೇಳಬಾರದು.

2019ರಲ್ಲಿ ಏನಾಯಿತು ನೋಡಿ. ಮಲಪ್ರಭೆ ಹುಟ್ಟುವುದು ಖಾನಾಪುರದ ಕಣಕುಂಬಿಯಲ್ಲಿ. ಘಟ್ಟದ ಆ ಕಡೆ ಮಳೆ ಜೋರಾಗಿ ಹಿಡಿಯಿತು. ನವಿಲುತೀರ್ಥದ ಜಲಾಶಯ ತುಂಬಿತು, ಗೇಟು ತೆರೆದರು. ನರಗುಂದ, ರೋಣ ತಾಲೂಕಿನ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತು. ಇನ್ನು ಬೆಣ್ಣೆಹಳ್ಳ. ನವಲಗುಂದದ ಬಯಲು ದಾಟಿ ಬಂದು ಮಲಪ್ರಭೆ ಸೇರುವ ಹಳ್ಳ. ಅದರ ಪಾತ್ರದಲ್ಲಿ ಹೂಳು, ಬಳ್ಳಾರಿ ಜಾಲಿ. ಸುತ್ತಲೂ ಎರೆ ಭೂಮಿ. ಎರೆಮಣ್ಣು ಒಣಗಿದಾಗ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದಾಗ ಉಬ್ಬಿ ಬಿರುಕು ಮುಚ್ಚಿಕೊಂಡಿತೆಂದರೆ ಆಮೇಲೆ ನೀರು ಕುಡಿಯುವುದು ಬಹಳ ನಿಧಾನ. ಮೇಲೆ ಬಿದ್ದದ್ದು ಮೇಲೆಯೇ ಹರಿಯುತ್ತದೆ. ಇದೆಲ್ಲ ಬಿಟ್ಟು ‘ತಾಪಮಾನವೇ’ ಅಂದರೆ ಹಳ್ಳ ಸ್ವಚ್ಛ ಮಾಡಿಸಬೇಕಾದವರು ಕೈ ತೊಳೆದುಕೊಳ್ಳಲು ದಾರಿಯಾಗುತ್ತದೆ.

ಹಾಗಂತ ಬಿಸಿಯೇರಿಕೆಯನ್ನು ಸಾಲಿನಿಂದ ತೆಗೆಯಬೇಡಿ. ಅದು ಇನ್ನೂ ದೊಡ್ಡ ಸುಳ್ಳಾಗುತ್ತದೆ. ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಶೇ 7ರಷ್ಟು ಜಾಸ್ತಿ ನೀರಾವಿ ಹಿಡಿದುಕೊಳ್ಳಬಲ್ಲದು. ಭೂಮಿ 19ನೇ ಶತಮಾನದ ಕೊನೆಯ ಭಾಗಕ್ಕಿಂತ ಆಗಲೇ 1 ಡಿಗ್ರಿಗೂ ಹೆಚ್ಚು ಬಿಸಿಯಾಗಿದೆ. ಮನುಷ್ಯರೇ ಬಿಸಿ ಮಾಡಿದ್ದು, ಇದರಲ್ಲಿ ಅನುಮಾನವಿಲ್ಲ ಅಂತ ವಿಶ್ವಸಂಸ್ಥೆಯ ಹವಾಮಾನ ಸಮಿತಿ 2021ರಲ್ಲಿ ಹೇಳಿತು. ಇಲ್ಲಿ ‘ಮನುಷ್ಯರೇ’ ಅನ್ನುವ ಏಕಾರ ಸರಿಯಾಗಿ ಕೂತಿದೆ, ಗಮನಿಸಿ. ಮಧ್ಯ ಭಾರತದ ಉದ್ದಗಲಕ್ಕೆ ಒಟ್ಟಿಗೆ ಸುರಿಯುವ ವಿಪರೀತ ಮಳೆ 1950ರಿಂದ 2015ರ ಹೊತ್ತಿಗೆ ಮೂರು ಪಟ್ಟಾಗಿದೆ.

ಒಂದೊಂದು ಮಳೆಗೆ ಎಷ್ಟು ಪಾಲು ಅಂತ ಹೇಳಬೇಕಾದರೆ ಆ ಮಳೆಯನ್ನೇ ತೆಗೆದುಕೊಂಡು ಲೆಕ್ಕ ಹಾಕಬೇಕು. 2024ರ ಜುಲೈನಲ್ಲಿ ವಯನಾಡಿನ ಗುಡ್ಡ ಕುಸಿಯಿತಲ್ಲ, ಆ ಮಳೆಯ ಜೋರು ಬಿಸಿಯೇರಿಕೆಯಿಂದ ಸುಮಾರು ಶೇ 10ರಷ್ಟು ಹೆಚ್ಚಿತ್ತು ಅಂತ ವಿಜ್ಞಾನಿಗಳು ಲೆಕ್ಕ ಕೊಟ್ಟರು. 2015ರ ಚೆನ್ನೈ ಮಳೆಗೆ ಅದೇ ಥರ ಲೆಕ್ಕ ಹಾಕಿದಾಗ ಬಿಸಿಯೇರಿಕೆಯ ಗುರುತು ಸ್ಪಷ್ಟವಾಗಿ ಸಿಗಲಿಲ್ಲ. ಎರಡೂ ನಿಜ. ಆದ್ದರಿಂದ ‘ವೇ’ ತೆಗೆದು ‘ವೂ’ ಹಾಕಿ. ಮತ್ತೆ ‘ಈ ನೆರೆಗೆ’ ಬೇಡ, ‘ಇಂಥ ನೆರೆಗೆ’ ಅನ್ನಿ.

‘ವೈಪರೀತ್ಯ ತಡೆಯೋಣ’ವೂ ಸರಿಯಿಲ್ಲ. ವೈಪರೀತ್ಯ ಅಂದರೆ ಆ ದಿನದ ಅತಿ ಮಳೆ, ಅತಿ ಬಿಸಿಲು. ಅದನ್ನು ಯಾರೂ ತಡೆಯಲಾರರು. ಹತ್ತಾರು ವರ್ಷಗಳಲ್ಲಿ ಆಗುವುದು ಬದಲಾವಣೆ. ಎರಡಕ್ಕೂ ಹವಾಮಾನ ಒಂದೇ ಪದವಾದ್ದರಿಂದ ಗೊಂದಲ. ಭೂಗೋಳದ ಪಾಠದಲ್ಲಿ ‘ವಾಯುಗುಣ’ ಅಂತ ಬೇರೆ ಪದ ಇತ್ತು, ಅದನ್ನು ಪತ್ರಿಕೆಗಳು ಉಳಿಸಿಕೊಳ್ಳಬೇಕಿತ್ತು.

ಧಾರವಾಡದಿಂದ:

ವಾಯುಗುಣ! ಪಾರಸಿ ಬಿಟ್ಟು ಸಂಸ್ಕೃತಕ್ಕೆ ಬಂದಿರಿ. ಲಾಭ ಏನು?

ಹಾವೇರಿಯಿಂದ:

ಲಾಭ ಎರಡು ಅರ್ಥಕ್ಕೆ ಎರಡು ಪದ ಸಿಗುವುದು, ಸರ್. ಪದ ಎಲ್ಲಿಂದ ಬಂತು ಅಂತ ಅದರ ಜಾತಿ ಕೇಳುತ್ತಾ ಕೂತರೆ ಮುಳುಗುವ ಊರಿಗೆ ಏನೂ ಹೇಳಲಾಗುವುದಿಲ್ಲ. ವರದಾ ದಂಡೆಯಲ್ಲಿ ಓದು ಬರಹ ಇಲ್ಲದ ಅಜ್ಜಿಗೂ ‘ರೆಡ್ ಅಲರ್ಟ್’ ಗೊತ್ತು. ಎಷ್ಟು ‘ಕ್ಯೂಸೆಕ್’ ಬಿಟ್ಟರೆ ಯಾರ ಹೊಲ ಹೋಗುತ್ತದೆ ಅಂತ ಹೊಳೆದಂಡೆಯ ರೈತರು ನಿಂತಲ್ಲೇ ಹೇಳುತ್ತಾರೆ. ಕ್ಯೂಸೆಕ್‌ಗೆ ಅಚ್ಚಗನ್ನಡ ಹುಡುಕುತ್ತೀರಾ? 24 ಗಂಟೆಯಲ್ಲಿ 204.4 ಮಿಲಿಮೀಟರ್ ದಾಟಿದ ಮಳೆಗೆ ಹವಾಮಾನ ಇಲಾಖೆ ಬೇರೆ ಹೆಸರನ್ನೇ ಇಟ್ಟಿದೆ. ನಮ್ಮಲ್ಲಿ ಅದಕ್ಕೂ ‘ಭಾರಿ’, 70 ಮಿಲಿಮೀಟರ್‌ಗೂ ‘ಭಾರಿ’. ಅದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ಇನ್ನೊಂದು ಮಾತು. ‘ನೆರೆ’ ಬರೆಸುವ ಮುಂಚೆ 2009 ನೆನಪಿಸಿಕೊಳ್ಳಿ. ಆ ವರ್ಷ ದೇಶದಲ್ಲೆಲ್ಲ ಮುಂಗಾರು ಕೈ ಕೊಟ್ಟಿತ್ತು, ಬರ ಅಂತ ಮಾತಾಡುತ್ತಿದ್ದೆವು. ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಮೊದಲಿಗೆ ಉತ್ತರ ಕರ್ನಾಟಕವೆಲ್ಲ ನೀರಾಯಿತು. ಬರೀ ನೆರೆ ಬರೆದರೆ ಅರ್ಧ ಕಥೆ.

ಧಾರವಾಡದಿಂದ:

ಸಾಲ ತಂದ ಪದಕ್ಕೆ ನಾನು ಬಾಗಿಲು ಹಾಕುತ್ತಿಲ್ಲ. ಇರುವ ಪದವನ್ನು ಮೂಲೆಗೆ ತಳ್ಳಿ ಸಾಲ ತರಬೇಡಿ ಅನ್ನುತ್ತಿದ್ದೇನೆ. ಬಿಸಿಯೇರಿಕೆ ಅಂದರೆ ಮೂರನೇ ಕ್ಲಾಸಿನ ಮಗುವಿಗೂ ತಿಳಿಯುತ್ತದೆ. ಇದರಲ್ಲಿ ನಾನು ಒಂದು ಹೆಜ್ಜೆಯೂ ಹಿಂದೆ ಸರಿಯುವುದಿಲ್ಲ.

ರೋಣದಿಂದ:

ಪೇಂಟರ್‌ಗೆ ಹೀಗೆ ಕಳಿಸಿದ್ದೇನೆ: ‘2019ರ ಆಗಸ್ಟ್‌ನಲ್ಲಿ ಹೊಳೆ ಇಲ್ಲಿವರೆಗೆ ಬಂದಿತ್ತು. ಭೂಮಿ ಬಿಸಿಯೇರಿದಂತೆ ಒಮ್ಮೆ ಬರ, ಒಮ್ಮೆ ಭಾರಿ ಮಳೆ ಜಾಸ್ತಿಯಾಗುತ್ತಿವೆ. ಇಂಥ ನೆರೆಗೆ ಬಿಸಿಯೇರಿಕೆಯೂ ಕಾರಣ, ಹೂಳು ತುಂಬಿದ ಹಳ್ಳವೂ ಕಾರಣ.’ ಹವಾಮಾನ, ವಾಯುಗುಣ ಎರಡನ್ನೂ ಬಿಟ್ಟಿದ್ದೇನೆ, ಗೋಡೆಯಲ್ಲಿ ಅಷ್ಟು ಜಾಗವಿಲ್ಲ. ‘ಇಲ್ಲಿವರೆಗೆ’ ಒಂದೇ ಪದವಾಗಿ ಬರೆಸಲೋ, ‘ಇಲ್ಲಿಯವರೆಗೆ’ ಅನ್ನಲೋ? ಬೆಳಿಗ್ಗೆ ಏಳರೊಳಗೆ ಹೇಳಿ.