ಪಾರ್ಕಿನ್ಸನ್: ನಡೀತಾ ನಡೀತಾ ಅಪ್ಪನ ಕಾಲು ನಿಂತುಬಿಡುತ್ತದೆ, ಏನು ಮಾಡೋದು?

ತುಮಕೂರಿನ ಮಗಳು:
ಅಪ್ಪನಿಗೆ ಪಾರ್ಕಿನ್ಸನ್ ಇದೆ. ಕೈ ನಡುಕಕ್ಕೆ ಹೇಗೋ ಒಗ್ಗಿಕೊಂಡಿದ್ದಾರೆ, ಈಗ ಕಷ್ಟ ಆಗಿರೋದು ನಡಿಗೆ. ಹಾಲ್‌ನಲ್ಲಿ ಸುಮಾರಾಗಿ ನಡೆಯುತ್ತಾರೆ, ಬಚ್ಚಲುಮನೆ ಬಾಗಿಲಿಗೆ ಬಂದರೆ ಮುಗೀತು, ಮೈ ಮುಂದಕ್ಕೆ ವಾಲುತ್ತದೆ, ಕಾಲು ಮಾತ್ರ ಏಳೋದಿಲ್ಲ. "ಬೇಗ ಬನ್ನಿ" ಅಂದಷ್ಟೂ ಜಾಸ್ತಿ. ಮದುವೆ, ದೇವಸ್ಥಾನ ಎಲ್ಲ ಬಿಟ್ಟಿದ್ದಾರೆ, ಕುಡಿದಿದ್ದಾನೆ ಅಂದುಕೊಳ್ಳುತ್ತಾರೆ ಅಂತ. ರಾತ್ರಿ ಏಳಬೇಕಾಗುತ್ತದೆ ಅಂತ ಸಂಜೆ ಮೇಲೆ ನೀರೂ ಕುಡಿಯುವುದಿಲ್ಲ. ನಿಮ್ಮ ಮನೆಯಲ್ಲೂ ಹೀಗೆ ಆಗಿದೆಯಾ?

ಫಿಸಿಯೋ, ಹಾಸನ:
ಇದನ್ನ ಫ್ರೀಜಿಂಗ್ ಅಂತಾರೆ. ಬಾಗಿಲು, ಇಕ್ಕಟ್ಟಾದ ಜಾಗ, ತಿರುಗುವುದು, ಅವಸರ, ಇವುಗಳಲ್ಲೇ ಜಾಸ್ತಿ. ಮೆದುಳಿನಲ್ಲಿ ಡೋಪಮಿನ್ ಅನ್ನೋ ರಾಸಾಯನಿಕ ಕಡಿಮೆಯಾದರೆ ಯೋಚಿಸದೆ ತಾನಾಗಿ ಬರುವ ನಡಿಗೆ ಕೆಡುತ್ತದೆ, ಆದರೆ ಕಣ್ಣಿಗೆ ಗುರುತೋ ಕಿವಿಗೆ ತಾಳವೋ ಸಿಕ್ಕರೆ ಎಷ್ಟೋ ಜನರಿಗೆ ಹೆಜ್ಜೆ ಏಳುತ್ತದೆ. ಬಾಗಿಲ ಮುಂದೆ ನೆಲಕ್ಕೆ ಬಣ್ಣದ ಟೇಪನ್ನ ಅಡ್ಡಡ್ಡ, ಒಂದೊಂದು ಹೆಜ್ಜೆ ಅಂತರಕ್ಕೆ ಅಂಟಿಸಿ, ಅದನ್ನ ದಾಟೋಕೆ ಹೇಳಿ. ಕಾಲು ನಿಂತಾಗ ದಯವಿಟ್ಟು ಕೈ ಹಿಡಿದು ಎಳೆಯಬೇಡಿ, ಬೀಳುವುದು ಆಗಲೇ. ಅವರೂ ಪೂರ್ತಿ ನಿಲ್ಲಲಿ, ಭಾರವನ್ನ ಒಂದು ಕಾಲಿಂದ ಇನ್ನೊಂದಕ್ಕೆ ಹಾಕಲಿ, ಒಂದು-ಎರಡು ಎಣಿಸಿ ದೊಡ್ಡ ಹೆಜ್ಜೆ ಇಡಲಿ. ನಡೆಯುವಾಗ ಮಾತಾಡಿಸಬೇಡಿ, ಕೈಗೆ ಕಾಫಿ ಲೋಟ ಬೇಡವೇ ಬೇಡ.

ಶಿವಮೊಗ್ಗದ ಅಕ್ಕ:
ನಮ್ಮ ಯಜಮಾನರಿಗೂ ಇದೇ. ಮಗಳೇ, ಕಾಲು ನಿಲ್ಲುವ ಹೊತ್ತನ್ನ ಬರೆದಿಡು, ಪಕ್ಕದಲ್ಲಿ ಮಾತ್ರೆ ತಗೊಂಡ ಹೊತ್ತನ್ನೂ. ಮಾತ್ರೆಯ ಪ್ರಭಾವ ಇಳಿದಾಗಲೇ ನಿಲ್ಲುತ್ತಿದ್ದರೆ ಆ ಚೀಟಿ ನೋಡಿ ನ್ಯೂರಾಲಜಿ ಡಾಕ್ಟರ್ ಹೊತ್ತು ಬದಲಿಸುತ್ತಾರೆ, ನೀವಾಗಿ ಬದಲಿಸಬೇಡಿ. ಅಪ್ಪ ತಗೊಳ್ಳೋದು ಲೆವೊಡೋಪಾ (ಮೆದುಳಿನಲ್ಲಿ ಡೋಪಮಿನ್ ಆಗುವ ಔಷಧಿ) ಆದರೆ ಊಟದ ಜೊತೆ ಕೊಡಬಹುದಾ ಅಂತಲೂ ಕೇಳು, ಬೇಳೆ, ಹಾಲು, ಮೊಟ್ಟೆ ಜಾಸ್ತಿ ಇದ್ದರೆ ಕೆಲವರಿಗೆ ಮಾತ್ರೆ ಸರಿಯಾಗಿ ಹಿಡಿಯುವುದಿಲ್ಲ. ನೀರು ಬಿಡೋದಂತೂ ಬೇಡ, ಮಲಬದ್ಧತೆ ಜಾಸ್ತಿಯಾಗುತ್ತದೆ, ಎದ್ದು ನಿಂತಾಗ ಬಿಪಿ ಇಳಿದು ತಲೆ ಸುತ್ತುತ್ತದೆ. ಹಗಲಲ್ಲೇ ಚೆನ್ನಾಗಿ ಕುಡಿಯಲಿ. ರಾತ್ರಿಗೆ ಮಂಚದ ಪಕ್ಕ ಯೂರಿನ್ ಪಾಟ್ ಇಡಿ, ಇದರಲ್ಲಿ ನಾಚಿಕೆ ಏನಿಲ್ಲ.

ಫಿಸಿಯೋ, ಹಾಸನ:
ಅಕ್ಕ ಹೇಳಿದ್ದು ಸರಿ. ಇನ್ನೊಂದು ಮಾತು. ಈ ಕಾಯಿಲೆ ಇರುವವರ ಬದುಕು ಹೇಗಿದೆ ಅಂತ ಅಳೆಯೋಕೆ ಪಿಡಿಕ್ಯೂ-39 ಅನ್ನೋ ಪ್ರಶ್ನಾವಳಿ ಇದೆ, ಅದರ 39 ಪ್ರಶ್ನೆಗಳಲ್ಲಿ 10 ಬರೀ ಓಡಾಟದ ಮೇಲೆ. ನಾಲ್ಕು ಜನರ ಎದುರು ಬೀಳುವ ಭಯ, ಬೇಕಾದರೂ ಮನೆ ಬಿಟ್ಟು ಹೊರಗೆ ಹೋಗಲಾಗದಿರುವುದು, ಇವೂ ಅದರಲ್ಲಿವೆ. ಹಾಗಾಗಿ ಅಪ್ಪ ಸುಮ್ನೆ ಹಟ ಮಾಡುತ್ತಿಲ್ಲ. ಮಾತ್ರೆ ಚೆನ್ನಾಗಿ ಕೆಲಸ ಮಾಡುವ ಹೊತ್ತು ನೋಡಿಕೊಂಡು, ಜನ ಕಡಿಮೆ ಇರುವಾಗ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ. ಮದುವೆ ಆಮೇಲೆ ನೋಡೋಣ.