ಮರದ ಕಾಲು, ಸೀಸದ ತಗಡು: ಕನ್ನಡದಲ್ಲಿ ಏನೆನ್ನೋಣ? (ತುರ್ತು)

ಪದಚರ್ಚೆಯ ಈ ಗುಂಪಿನ ಎಲ್ಲರಿಗೂ ನಮಸ್ಕಾರ. ಮಕ್ಕಳಿಗಾಗಿ ನದಿಗಳ ಬಗ್ಗೆ ಒಂದು ಚಿತ್ರಪುಸ್ತಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಕೊಡಬೇಕು. ಯುರೋಪಿನ ಹಳೆಯ ಕೆಲ್ಟ್ ಜನರ ನದಿದೇವತೆಗಳ ಪುಟದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಫ್ರಾನ್ಸಿನ ಸೇನ್ ನದಿ ಹುಟ್ಟುವ ಕಡೆ, ಸೇಕ್ವಾನಾ ಎಂಬ ದೇವಿಗೆ ಜನ ಒಪ್ಪಿಸಿದ ಮರದ ಕೈ, ಕಾಲು, ತಲೆಗಳು 1963ರಲ್ಲಿ ನೂರಾರು ಸಿಕ್ಕವು. ಈಗ ದಿಜಾನ್ ಊರಿನ ಮ್ಯೂಸಿಯಂನಲ್ಲಿವೆ. ಇವನ್ನು ಏನನ್ನಬೇಕು? 'ಸಮರ್ಪಿತ ವಸ್ತುಗಳು' ಎಂದು ಬರೆದೆ, ಓದಿದರೆ ಕಚೇರಿ ಕಾಗದದ ಹಾಗಿದೆ. ಎರಡನೆಯದು, ಇಂಗ್ಲೆಂಡಿನ ಬಾತ್ ಊರಿನಲ್ಲಿ ಸೂಲಿಸ್ ದೇವಿಯ ಬಿಸಿನೀರಿಗೆ ಎಸೆದಿದ್ದ ಸೀಸದ ತುಂಡುಗಳು, ಮೇಲೆ ಬರಹವಿದೆ. 'ಶಾಪಫಲಕ' ಸರಿನಾ? ಹಾಗೇ, ದೇವಿ ಇರುವ ಇಂಥ ನೀರಿಗೆ 'ತೀರ್ಥ' ಅನ್ನಬಹುದಾ?

ಇನ್ನೊಂದು. ಐರ್ಲೆಂಡಿನ ಬಾಯ್ನ್ ನದಿಯ ದೇವಿ ಬೋಅನ್. ಆ ನದಿಯ ಹೆಸರನ್ನು ಪ್ರಾಚೀನ ಭೂಗೋಳಕಾರ ಟಾಲೆಮಿ 'ಬುವಿಂದಾ' ಎಂದು ಬರೆದಿದ್ದಾನೆ. ಅದು ನಮ್ಮ 'ಗೋವಿಂದ'ನೇ ಎಂದು ಇಲ್ಲಿಯ ಒಬ್ಬರು ಹೇಳಿದರು. ಅಡಿಟಿಪ್ಪಣಿಯಲ್ಲಿ ಹಾಕಲಾ?

* * *

ಮೇಡಂ, ಮರದ ಕಾಲು 'ಹರಕೆ'. ಹೊಸ ಪದ ಬೇಡವೇ ಬೇಡ.

ಬೆಳ್ತಂಗಡಿ ತಾಲ್ಲೂಕಿನ ಸೂರ್ಯ ದೇವಸ್ಥಾನಕ್ಕೆ ಹೋಗಿ ನೋಡಿ. ಕಾಲು ನೋವು ವಾಸಿಯಾದರೆ ಮಣ್ಣಿನ ಕಾಲು, ಮನೆ ಕಟ್ಟಿ ಮುಗಿದರೆ ಮಣ್ಣಿನ ಮನೆ ತಂದು ಒಪ್ಪಿಸುತ್ತಾರೆ. ಬನದಲ್ಲಿ ರಾಶಿ ಬಿದ್ದಿರುತ್ತವೆ. ಅಲ್ಲಿ ಅದನ್ನು 'ಮಣ್ಣಿನ ಹರಕೆ' ಅಂತಲೇ ಕರೆಯುವುದು. ಹೊತ್ತುಕೊಂಡದ್ದೂ ಹರಕೆ, ಒಪ್ಪಿಸಿದ ವಸ್ತುವೂ ಹರಕೆ. ಹಾಗಾದರೆ ಸೇಕ್ವಾನಾಳ ಮುಂದಿಟ್ಟದ್ದು 'ಮರದ ಹರಕೆ'. ಇಷ್ಟು ಚೆನ್ನಾಗಿ ಹೊಂದುವ ಪದ ಇರುವಾಗ ಈ ಗುಂಪಿನಲ್ಲಿ 'ನೀಡುಗೆ' ಅಂತ ಒಂದನ್ನು ಹೊಸದಾಗಿ ಕಟ್ಟಿದವರ ಮಾತು ಕೇಳಬೇಡಿ. ಅಚ್ಚಗನ್ನಡ ಬೇಕೆಂದರೆ ಹರಕೆಯೇ ಅಚ್ಚಗನ್ನಡ. ಹಳಗನ್ನಡದ ಪರಸು, ಪರಕೆ. ಪಕಾರ ಹಕಾರವಾಗಿ ಹರಸು, ಹರಕೆ. 'ಹರನಿಗೆ ಕೊಟ್ಟದ್ದು ಹರಕೆ' ಎಂದು ಇಲ್ಲಿ ಬರೆದವರಿಗೆ ಒಂದೇ ಮಾತು: ತಪ್ಪು. ಮಾರಮ್ಮನಿಗೂ ಹರಕೆ ಹೊರುತ್ತಾರೆ, ಅಲ್ವಾ?

'ಶಾಪಫಲಕ' ಬೇಡ. ಫಲಕ ಅಂದರೆ ಮಗುವಿಗೆ ಅಂಗಡಿ ಬೋರ್ಡು ಕಾಣುತ್ತದೆ. ಬಾತ್‌ನಲ್ಲಿ ಸಿಕ್ಕಿದ್ದು ತೆಳ್ಳಗೆ ಬಡಿದ ಸೀಸ, ಎಷ್ಟೋ ಮಡಿಚಿ ಸುತ್ತಿದವು, ಸುಮಾರು 130. ನಮ್ಮಲ್ಲಿ ಮಂತ್ರ ಬರೆದು ಸುತ್ತಿ ತಾಯಿತಕ್ಕೆ ಹಾಕುವುದಕ್ಕೆ ಏನಂತಾರೆ? ತಗಡು. ಅದೇ ಸಾಕು.

ಆದರೆ 'ಶಾಪ'ದ ಮೇಲೂ ನನಗೆ ತಕರಾರಿದೆ. ಅವುಗಳಲ್ಲಿ ಬಹುಪಾಲು ಕಳವಿನ ಮಾತು. ಸ್ನಾನಕ್ಕೆ ಬಂದವರ ಬಟ್ಟೆ, ಹೊದಿಕೆ, ಕಾಸು ಹೋಗಿದೆ. ದೋಕಿಮೀಡಿಸ್ ಎಂಬಾತ ಎರಡು ಕೈಗವಸು ಕಳಕೊಂಡು, ಕದ್ದವನ ಬುದ್ಧಿಯೂ ಕಣ್ಣೂ ದೇವಿಯ ಗುಡಿಯಲ್ಲೇ ಹೋಗಲಿ ಎಂದು ಬರೆಸಿದ್ದಾನೆ. ಕದ್ದವರು ಯಾರೋ ಗೊತ್ತಿಲ್ಲವಾದ್ದರಿಂದ 'ಗಂಡಾಗಲಿ ಹೆಣ್ಣಾಗಲಿ, ಗುಲಾಮನಾಗಲಿ ಸ್ವತಂತ್ರನಾಗಲಿ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಇದು ಸುಮ್ನೆ ಬೈದದ್ದಲ್ಲ. ದೇವಿಯ ಹತ್ತಿರ ಕೊಟ್ಟ ದೂರು. ತುಳುನಾಡಿನಲ್ಲಿ ಕಳವಾದರೆ ಜನ ದೈವದ ಮುಂದೆ ನಿಂತು ಹೇಳಿಕೊಳ್ಳುತ್ತಾರಲ್ಲ, ಆ ಧಾಟಿ. ಹಾಗಾಗಿ 'ದೂರಿನ ತಗಡು' ಎಂದು ಬರೆಯಿರಿ.

ಇನ್ನು ತೀರ್ಥ. 'ತೀರ್ಥ ಅಂದರೆ ಹೊಳೆ ದಾಟುವ ಜಾಗ, ಆದ್ದರಿಂದ ಬುಗ್ಗೆಗೆ ಆ ಮಾತು ಸಲ್ಲದು' ಎಂದವರಿಗೆ ನಿಘಂಟಿನ ಮೊದಲ ಅರ್ಥ ಗೊತ್ತು, ಜನ ಗೊತ್ತಿಲ್ಲ. ಪುತ್ತೂರು ಹತ್ತಿರದ ಇರ್ದೆಯ ಬಿಸಿನೀರಿನ ಬುಗ್ಗೆಗೆ ಬೆಂದ್ರ್ ತೀರ್ಥ ಎಂದೇ ಹೆಸರು. ಅಲ್ಲಿ ದಾಟುವ ಮಾತೆಲ್ಲಿ ಬಂತು? ಆದರೂ ಈ ಪುಟಕ್ಕೆ ತೀರ್ಥ ಬೇಡ ಅಂತೀನಿ. ಕಾರಣ ಬೇರೆ. ತೀರ್ಥ ಅಂದ ಕೂಡಲೇ ಮಗುವಿಗೆ ಉದ್ಧರಣೆ, ತುಳಸಿ ನೆನಪಾಗುತ್ತದೆ. ಸೂಲಿಸಳ ನೀರೇ ಬೇರೆ. ನೆಲದಿಂದ 46 ಡಿಗ್ರಿ ಬಿಸಿಯಲ್ಲಿ, ದಿನಕ್ಕೆ 11 ಲಕ್ಷ ಲೀಟರಿಗೂ ಜಾಸ್ತಿ ಉಕ್ಕುವ ನೀರು ಅದು. ರೋಮನರು ಆ ಊರಿಗೆ ಇಟ್ಟ ಹೆಸರು ಅಕ್ವೆ ಸೂಲಿಸ್, ಅಂದರೆ 'ಸೂಲಿಸಳ ನೀರು'. 'ಪವಿತ್ರ' ಎಂಬ ಮಾತೇ ಅದರಲ್ಲಿಲ್ಲ. ನೀರು ಯಾರದು ಎಂದು ಹೇಳಿದರೆ ಪವಿತ್ರ ತಾನಾಗಿ ಬಂತು. ನೀವೂ ಹಾಗೇ ಮಾಡಿ: 'ಸೂಲಿಸಳ ಬಿಸಿನೀರ ಬುಗ್ಗೆ', 'ಸೇಕ್ವಾನಾಳ ಊಟೆ'.

ಗೋವಿಂದನನ್ನು ದಯವಿಟ್ಟು ಬಿಡಿ. ಬೋಅನ್‌ನ 'ಬೋ' ಮತ್ತು ನಮ್ಮ 'ಗೋ' ಎರಡೂ ಹಸುವೇ, ಒಂದೇ ಬೇರಿನವು, ಅದು ನಿಜ. ಆದರೆ ಕೆಲ್ಟ್ ಮಾತಿನ 'ವಿಂದ' ಅಂದರೆ ಬಿಳಿ. ಅವಳು ಬಿಳಿ ಹಸುವಿನಂಥವಳು. ಗೋವಿಂದದ 'ವಿಂದ' ಪಡೆಯುವುದು, ಹುಡುಕಿಕೊಳ್ಳುವುದು ಎಂಬ ಧಾತುವಿನದು. ಅರ್ಧ ಹೊಂದಿದ್ದನ್ನು ಪೂರ್ತಿ ನೆಂಟಸ್ತನ ಮಾಡಿ ಮಕ್ಕಳ ಕೈಗೆ ಕೊಡಬಾರದು. ನೆಂಟಸ್ತನವೇ ಬೇಕಿದ್ದರೆ ಬ್ರಿಟನ್ನಿನ ಡೀ ನದಿಯನ್ನು ಹಾಕಿ. ಅದರ ಹಳೆಯ ಹೆಸರು ದೇವಾ. ಅದು ನಮ್ಮ 'ದೇವಿ'ಯ ಬಳಗವೇ.

ಎರವಲು ಪದ ಒಳಗೆ ಬಂದರೆ ಕನ್ನಡ ಕೆಡುತ್ತದೆ ಎಂದು ಇಲ್ಲಿ ವಾರದಿಂದ ಕೂಗಾಡುತ್ತಿರುವವರು ಬಾತ್ ಕಡೆ ಒಮ್ಮೆ ನೋಡಲಿ. ಗೆದ್ದ ರೋಮನರು ತಮ್ಮ ದೇವಿ ಮಿನರ್ವಾಳನ್ನು ತಂದರು, ಸೂಲಿಸಳನ್ನು ಅಳಿಸಲಿಲ್ಲ. ಸೂಲಿಸ್ ಮಿನರ್ವಾ ಎಂದು ಕರೆದರು, ಊರವಳ ಹೆಸರು ಮೊದಲು. 'ಸೀಸ' ಸಂಸ್ಕೃತದ್ದು, 'ತಗಡು' ಕನ್ನಡದ್ದು. 'ಸೀಸದ ತಗಡು' ಅಂದರೆ ಯಾರಿಗೆ ಅರ್ಥವಾಗುವುದಿಲ್ಲ? ನನ್ನ ಸಿಟ್ಟಿರುವುದು ಎರವಲಿನ ಮೇಲಲ್ಲ. ಬೆಳ್ತಂಗಡಿಯ ಅಜ್ಜಿಯ ಬಾಯಲ್ಲಿರುವ ಪದವನ್ನು ಕೇಳದೆ ಮೇಜಿನ ಮೇಲೆ ಪದ ಕಟ್ಟುವವರ ಮೇಲೆ.

* * *

ಸರ್, ತುಂಬಾ ಥ್ಯಾಂಕ್ಸ್. ದೂರಿನ ತಗಡು, ಊಟೆ, ಡೀ ನದಿ ಮೂರನ್ನೂ ಹಾಗೇ ತಗೊಂಡೆ. ಗೋವಿಂದನನ್ನು ತೆಗೆದೆ.

'ಮರದ ಹರಕೆ'ಯಲ್ಲಿ ಮಾತ್ರ ಒಂದು ತೊಡಕು. ನನ್ನ ಮಗಳಿಗೆ ಓದಿ ಹೇಳಿದೆ. 'ಮರಕ್ಕೆ ಹರಕೆ ಹೊತ್ತಿದ್ರಾ?' ಎಂದು ಕೇಳಿದಳು. ಮಣ್ಣಿನ ಹರಕೆಯಲ್ಲಿ ಈ ಗೊಂದಲ ಬರುವುದಿಲ್ಲ, ಮರದಲ್ಲಿ ಬರುತ್ತದೆ. ಮರ ಸುತ್ತುವುದು ನಮ್ಮಲ್ಲಿ ಇದೆಯಲ್ಲ. ಹಾಗಾಗಿ ಚಿತ್ರದ ಕೆಳಗೆ 'ಮರದಲ್ಲಿ ಕೆತ್ತಿದ ಹರಕೆ ಕಾಲು' ಎಂದು ಹಾಕುತ್ತಿದ್ದೇನೆ. ಬೇಡ ಎನ್ನುವವರು ನಾಳೆ ಮಧ್ಯಾಹ್ನದೊಳಗೆ ಹೇಳಿ.